ಪಂಡಿತಾ ರಮಾಬಾಯಿ: ಮನೋಧೈರ್ಯದ ಮೂಲ

ಕಷ್ಟಕಾಲ ಬಂದೊದಗಿದಾಗ ಮನಸ್ಸನ್ನು ಗಟ್ಟಿ ಮಾಡಿಕೊಳ್ಳಿರೆಂದು ಹಿರಿಯರು ತರುಣರಿಗೆ ಹೇಳುವುದು ವಾಡಿಕೆ. ಆ ಗಟ್ಟಿತನವು ಎಲ್ಲಿಂದ ಬರಬೇಕೆಂಬುದನ್ನು ಹೇಳುವವರು ಮಾತ್ರ ವಿರಳ. ಪಂಡಿತಾ ರಮಾಬಾಯಿಯವರ ಜೀವಿತವು ಈ ಪ್ರಶ್ನೆಗೆ ಉತ್ತರಪ್ರಾಯವಾಗಿದೆ.

ರಮಾಬಾಯಿಯವರು 1858ನೆಯ ಇಸವಿಯಲ್ಲಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಜನಿಸಿದರು. ಸ್ತ್ರೀಯರಿಗೆ ಸಂಸ್ಕೃತವು ಸಲ್ಲದೆಂದು ಜನರು ನಂಬಿದ್ದ ಆ ಕಾಲದಲ್ಲಿ, ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಲೋಕದ ವಿರೋಧವನ್ನು ಲೆಕ್ಕಿಸದೆ ತಮ್ಮ ಪತ್ನಿ ಲಕ್ಷ್ಮೀಬಾಯಿಯವರಿಗೆ ಅದನ್ನು ಕಲಿಸಿದ್ದರು. ಮಗಳು ಎಳೆಗೂಸಾಗಿರುವಾಗಲೇ ಕುಟುಂಬವು ಮನೆಯನ್ನು ತೊರೆದು ತೀರ್ಥಯಾತ್ರೆಗೆ ಹೊರಟಿತು. ಪುರಾಣ ಹೇಳುತ್ತ ಊರಿಂದೂರಿಗೆ ಅಲೆಯುವುದೇ ಅವರ ಸಂಸಾರವಾಯಿತು. ನಿಲ್ಲಲು ನೆಲೆಯಿಲ್ಲದಿದ್ದರೂ ಪಾಠ ಮಾತ್ರ ತಪ್ಪಲಿಲ್ಲ. ಬೆಳಗಾಗುವ ಮುನ್ನವೇ ತಾಯಿ ಮಗಳನ್ನೆಬ್ಬಿಸಿ ಶ್ಲೋಕಗಳನ್ನು ಹೇಳಿಕೊಡುತ್ತಿದ್ದರು.

1870ರ ದಶಕದ ಕ್ಷಾಮವು ಈ ಸಂಸಾರವನ್ನು ಮುರಿಯಿತು. ತಂದೆ, ತಾಯಿ, ಅಕ್ಕ, ಮೂವರೂ ಒಬ್ಬರ ಬೆನ್ನಿಗೊಬ್ಬರು ಗತಿಸಿದರು. ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ. ಹಸಿವನ್ನೂ ಚಳಿಯನ್ನೂ ಸಹಿಸುತ್ತ, ಕಾಲ್ನಡಿಗೆಯಿಂದ ದೇಶವನ್ನೆಲ್ಲ ಸುತ್ತಿ, 1878ರಲ್ಲಿ ಇವರು ಕಲಕತ್ತೆಯನ್ನು ಸೇರಿದರು. ಅಲ್ಲಿನ ವಿದ್ವಾಂಸರು ಈ ತರುಣಿಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ ಎಂದೂ ಸರಸ್ವತಿ ಎಂದೂ ಗೌರವಿಸಿದರು. ತಾಯಿಯ ಪಾಠವೇ ಮಗಳಿಗೆ ಊರುಗೋಲಾಗಿ ಒದಗಿತು.

ದುಃಖವು ಅಲ್ಲಿಗೂ ಮುಗಿಯಲಿಲ್ಲ. 1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರ್ಷ ಜಾತಿಯ ಕಟ್ಟನ್ನು ಮೀರಿ ಬಂಗಾಲದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ವರಿಸಿದರು. 1882ರಲ್ಲಿ ಪತಿಯೂ ಕಾಲರಾ ರೋಗಕ್ಕೆ ತುತ್ತಾದರು. ಕೈಯಲ್ಲಿ ಕೂಸು ಮನೋರಮೆ. ವಯಸ್ಸು ಇನ್ನೂ ಇಪ್ಪತ್ತನಾಲ್ಕು ತುಂಬಿರಲಿಲ್ಲ. ಪುಣೆಗೆ ಬಂದು ಅದೇ ವರ್ಷ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು.

1883ರಲ್ಲಿ ವೈದ್ಯವಿದ್ಯೆಯನ್ನು ಕಲಿಯುವ ಹಂಬಲದಿಂದ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗುತ್ತ ಬಂದುದರಿಂದ ಆ ಆಸೆಯೂ ಭಗ್ನವಾಯಿತು. ಜತೆಗೆ ಬಂದಿದ್ದ ಗೆಳತಿಯು ಪರದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡಳು. ಒಂದೇ ಹಡಗಿನಲ್ಲಿ ಹೋದ ಇಬ್ಬರಲ್ಲಿ ಒಬ್ಬಳು ಉಳಿಯಲಿಲ್ಲವೆಂದರೆ ಅದನ್ನು ಆಕೆಯ ದೋಷವೆನ್ನಲಾಗದು. ಮನಸ್ಸಿಗೂ ಗಾಯಗಳುಂಟು, ಅವಕ್ಕೂ ಶುಶ್ರೂಷೆ ಬೇಕು. ಅದೇ ವರ್ಷ ರಮಾಬಾಯಿಯವರು ಕ್ರೈಸ್ತಧರ್ಮವನ್ನು ಸ್ವೀಕರಿಸಿದರು. ಅದಕ್ಕಾಗಿ ಸ್ವದೇಶದಲ್ಲಿ ಬಹುಕಾಲ ಕಟುವಾದ ಟೀಕೆಯನ್ನು ಎದುರಿಸಬೇಕಾಯಿತು.

1886ರಲ್ಲಿ ಅಮೆರಿಕೆಗೆ ತೆರಳಿ, ಆಟದ ಮೂಲಕ ಮಕ್ಕಳಿಗೆ ಕಲಿಸುವ ಶಿಶುವಿಹಾರ ಪದ್ಧತಿಯನ್ನು ಅಭ್ಯಾಸ ಮಾಡಿದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂದಿತು. 1893ರಲ್ಲಿ ಮತಾಂತರದ ಸಂಶಯದಿಂದ ಪಾಲಕರು ಅನೇಕ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಆದರೂ ಸದನವು ಮುಚ್ಚಲಿಲ್ಲ. 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತಕ್ಕೆ ತಾವೇ ಹೋಗಿ, ನೂರಾರು ಅನಾಥ ಬಾಲಿಕೆಯರನ್ನು ಕರೆತಂದು, ಪುಣೆಯ ಸಮೀಪದ ಕೇಡಗಾಂವದ ಮುಕ್ತಿ ಸದನದಲ್ಲಿ ಆಶ್ರಯವಿತ್ತರು. 1900ರ ಹೊತ್ತಿಗೆ ಅಲ್ಲಿದ್ದವರ ಸಂಖ್ಯೆ ಸುಮಾರು 2000.

ಆ ಬಾಲಿಕೆಯರ ಪಾಡು ರಮಾಬಾಯಿಯವರಿಗೆ ಸ್ವಾನುಭವದಿಂದಲೇ ತಿಳಿದಿತ್ತು. ಆದುದರಿಂದ ಬರಿಯ ಉಪದೇಶದಿಂದ ಅವರನ್ನು ತಿದ್ದಹೊರಡಲಿಲ್ಲ. ಅನ್ನ, ವಸ್ತ್ರ, ಔಷಧಿಗಳೊಡನೆ ಅಕ್ಷರವನ್ನೂ ನೇಯ್ಗೆ, ತೋಟಗಾರಿಕೆ, ಮುದ್ರಣ ಮೊದಲಾದ ಕಸುಬುಗಳನ್ನೂ ಕಲಿಸಿದರು. ಕುರುಡರಿಗೂ ಅಲ್ಲಿ ಪಾಠವಿತ್ತು. ತಮ್ಮ ತಂದೆತಾಯಿಗಳು ಮರದಡಿಯಲ್ಲಿ ನಡೆಸಿದ ಸಂಸಾರವನ್ನೇ ಅವರು ಸಾವಿರಾರು ಜನಕ್ಕೆ ವಿಸ್ತರಿಸಿದರು. ಮನೋರಮೆಯೂ ಈ ಕಾರ್ಯದಲ್ಲಿ ತಾಯಿಗೆ ಹೆಗಲು ಕೊಟ್ಟಳು. 1910ರ ದಶಕದಲ್ಲಿ ಗುಲ್ಬರ್ಗದಲ್ಲಿಯೂ, ಎಂದರೆ ಈಗಿನ ಕಲಬುರಗಿಯಲ್ಲಿಯೂ, ಇವರ ಶಾಲೆಯೊಂದು ಆರಂಭವಾಯಿತು. 1921ರಲ್ಲಿ ಆ ಮಗಳೂ ಗತಿಸಿದಳು. ತಾಯಿ ಬೈಬಲ್ಲಿನ ಮರಾಠಿ ಭಾಷಾಂತರವನ್ನು ಮುಗಿಸಿ, 1922ನೆಯ ಏಪ್ರಿಲ್ 5ರಂದು ಇಹವನ್ನು ತ್ಯಜಿಸಿದರು.

ಮನೋಧೈರ್ಯವು ಕೆಲವರಿಗೆ ಮಾತ್ರ ಹುಟ್ಟಿನಿಂದ ಬರುವ ಸೊತ್ತಲ್ಲ. ಒಬ್ಬರು ಇನ್ನೊಬ್ಬರಿಗೆ ದಿನದಿನವೂ ಕೊಟ್ಟು ಬೆಳೆಸುವ ಸೊತ್ತು. ಮಕ್ಕಳೊಡನೆ ನಿತ್ಯವೂ ಕೆಲಹೊತ್ತು ಕುಳಿತು ಓದುವ, ದುಡಿಯುವ, ಅವರ ಅಳಲನ್ನು ತಾಳ್ಮೆಯಿಂದ ಕೇಳುವ, ಬೇಕಾದಾಗ ನಾಚಿಕೆಯಿಲ್ಲದೆ ವೈದ್ಯರ ಬಳಿಗೆ ಕರೆದೊಯ್ಯುವ ಮನೆಯೇ ಅದರ ಗದ್ದೆ. ಗದ್ದೆಯನ್ನು ಬೀಳುಗೆಡವಿ, ಬೆಳೆ ಬರಲಿಲ್ಲವೆಂದು ಮಕ್ಕಳನ್ನು ಜರೆಯುವುದು ನ್ಯಾಯವೇ? ಪಾಲಕರು ವಿಚಾರಿಸಲಿ.