ನಾರ್ನಿಯಾ ಬರೆದ ಮೇಷ್ಟ್ರು

ಮಕ್ಕಳೇ, ನಾರ್ನಿಯಾ ಕಥೆಯ ಸಿಂಹ ಅಸ್ಲಾನ್ ನಿಮಗೆ ಗೊತ್ತಲ್ವಾ? ಅದನ್ನು ಬರೆದವರು ಸಿ. ಎಸ್. ಲೂಯಿಸ್. 1898ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದರು. ಚಿಕ್ಕವರಿದ್ದಾಗಲೇ ತನ್ನ ಹೆಸರು ಜ್ಯಾಕ್ಸಿ ಅಂತ ಹಠ ಹಿಡಿದರಂತೆ. ಕೊನೆವರೆಗೂ ಗೆಳೆಯರಿಗೆಲ್ಲ ಅವರು ಜ್ಯಾಕ್!

ಒಂಬತ್ತನೇ ವಯಸ್ಸಿನಲ್ಲಿ ಅಮ್ಮ ಕ್ಯಾನ್ಸರ್‌ನಿಂದ ತೀರಿಕೊಂಡರು. ಅಮ್ಮ ಉಳಿಯಲಿ ಅಂತ ಹುಡುಗ ಮಾಡಿದ ಪ್ರಾರ್ಥನೆ ಫಲಿಸಲಿಲ್ಲ. ಮುಂದೆ, ದೇವರೇ ಇಲ್ಲ ಅನ್ನೋ ತೀರ್ಮಾನಕ್ಕೆ ಬಂದರು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡರು, ಆಮೇಲೆ ಆಕ್ಸ್‌ಫರ್ಡ್‌ನಲ್ಲಿ ಮೇಷ್ಟ್ರಾದರು. ಅಲ್ಲಿ ಗೆಳೆಯ ಟೋಲ್ಕಿನ್ ಜೊತೆ ನಡುರಾತ್ರಿ ದಾಟಿದರೂ ಮುಗಿಯದ ಮಾತುಕತೆ. ಕೊನೆಗೆ 1931ರಲ್ಲಿ, ಅಣ್ಣನ ಬೈಕಿನ ಸೈಡ್‌ಕಾರಿನಲ್ಲಿ ಕೂತು ಝೂಗೆ ಹೋಗ್ತಾ, ದಾರಿಯಲ್ಲೇ ಕ್ರಿಸ್ತನಲ್ಲಿ ನಂಬಿಕೆ ಬಂತು!

1942ರ 'ಸ್ಕ್ರೂಟೇಪ್ ಲೆಟರ್ಸ್' ಓದಿದರೆ ನಗು ತಡೆಯೋಕಾಗಲ್ಲ. ಹಿರಿಯ ಪಿಶಾಚಿಯೊಂದು ತನ್ನ ಸೋದರಳಿಯನಿಗೆ ಕಾಗದ ಬರೆದು, ಮನುಷ್ಯರನ್ನು ಕೆಡಿಸೋದು ಹೇಗೆ ಅಂತ ಪಾಠ ಹೇಳುತ್ತೆ. ಅದಕ್ಕೆ ದೊಡ್ಡ ಪಾಪ ಬೇಕಿಲ್ಲ, ದಿನಾ ಅಮ್ಮನ ಮೇಲೆ ಸಣ್ಣ ಸಣ್ಣ ಸಿಡುಕು ಸಾಕು! ಓದ್ತಾ ಓದ್ತಾ, ಅರೆ, ಇದು ನಮ್ಮನೆ ಕಥೆ ಅನ್ಸುತ್ತೆ. ಇದು ಮೊದಲು ಪತ್ರಿಕೆಯಲ್ಲಿ ಬಂದಾಗ ಸಿಕ್ಕ ಸಂಭಾವನೆಯನ್ನು ಪಾದ್ರಿಗಳ ವಿಧವೆಯರ ನಿಧಿಗೆ ಕೊಟ್ಟುಬಿಟ್ಟರು.

1960ರಲ್ಲಿ ಹೆಂಡತಿ ಜಾಯ್ ಕೂಡ ಕ್ಯಾನ್ಸರ್‌ನಿಂದ ಹೋದಾಗ ಲೂಯಿಸರ ನಂಬಿಕೆ ಅಲುಗಾಡಿತು. ಆ ದುಃಖ, ಸಿಟ್ಟು, ಅನುಮಾನ ಯಾವುದನ್ನೂ ಮುಚ್ಚಿಡದೆ ಬರೆದರು, ಆದರೆ ಬೇರೆ ಹೆಸರಿನಲ್ಲಿ. 1963ರ ನವೆಂಬರ್ 22ರಂದು, ಕೆನಡಿ ಹತ್ಯೆಯಾದ ದಿನವೇ ತೀರಿಕೊಂಡರು.

ಅಪ್ಪ ಅಮ್ಮಂದಿರೇ, ದೇವರು ನಿಜವಾಗ್ಲೂ ಇದ್ದಾನಾ ಅಂತ ಮಕ್ಕಳು ಕೇಳಿದ್ರೆ ಗದರಬೇಡಿ. ಲೂಯಿಸ್ ಪ್ರಶ್ನೆ ಕೇಳಿ ಕೇಳಿಯೇ ನಂಬಿದವರು.