ದಖ್ಖನಿನ ಹಬ್ಶಿ ಮುತ್ಸದ್ದಿ ಮಲಿಕ್ ಅಂಬರ್

ಹಾಸನ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಮಲಿಕ್ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಹಳೇಬೀಡು ನೆನಪಿಗೆ ಬರುತ್ತದೆ. 1311ರಲ್ಲಿ ದೆಹಲಿಯ ಅಲ್ಲಾವುದ್ದೀನ್ ಖಿಲ್ಜಿಯ ದಂಡನಾಯಕ ಮಲಿಕ್ ಕಾಫರನು ದೋರಸಮುದ್ರದ ಮೇಲೆ ದಂಡೆತ್ತಿ ಬಂದು, ಮೂರನೆಯ ವೀರಬಲ್ಲಾಳನನ್ನು ಮಣಿಸಿ, ಆನೆ ಕುದುರೆ ಹೊನ್ನುಗಳನ್ನು ಹೇರಿಕೊಂಡು ಹೋದ ಕಥೆಯನ್ನು ನಾವೆಲ್ಲ ಪ್ರಾಥಮಿಕ ಶಾಲೆಯಲ್ಲಿಯೇ ಓದಿದ್ದೇವೆ. ಆದುದರಿಂದ ಇತಿಹಾಸದ ತರಗತಿಯಲ್ಲಿ ಅಧ್ಯಾಪಕರು ಮಲಿಕ್ ಅಂಬರನ ಹೆಸರೆತ್ತಿದಾಗ, ಇವನೂ ಅವನೇ ಇರಬೇಕೆಂದು ಬಗೆದು ನಾನು ಟಿಪ್ಪಣಿ ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡೆ. ಇಬ್ಬರೂ ಸಂತೆಯಲ್ಲಿ ಮಾರಾಟವಾದ ಗುಲಾಮರು, ಇಬ್ಬರೂ ದಂಡನಾಯಕರಾದವರು ಎಂಬುದು ನಿಜ. ಆದರೆ ಇಬ್ಬರ ನಡುವೆ ಸುಮಾರು 300 ವರ್ಷಗಳ ಅಂತರವಿದೆ. ಒಬ್ಬನು ಉತ್ತರದ ಸೈನ್ಯವನ್ನು ದಕ್ಷಿಣಕ್ಕೆ ತಂದವನು. ಇನ್ನೊಬ್ಬನು ಉತ್ತರದ ಸೈನ್ಯವನ್ನು ದಕ್ಷಿಣಕ್ಕೆ ಬಾರದಂತೆ ಕಾಲು ಶತಮಾನ ತಡೆದವನು. ಆ ತಡೆದವನ ಚರಿತ್ರೆಯನ್ನು ನನಗೆ ತಿಳಿದಷ್ಟರ ಮಟ್ಟಿಗೆ ಇಲ್ಲಿ ಬರೆಯಲು ಹೊರಟಿದ್ದೇನೆ.

ಇದನ್ನು ಬರೆಯಲು ನನಗೊಂದು ಸ್ವಂತ ಕಾರಣವೂ ಉಂಟು. ಎರಡು ವರ್ಷಗಳ ಹಿಂದೆ ಒಂದು ಕ್ರೀಡಾಕೂಟಕ್ಕೆ ನಾವು ಕೆಲವು ಗೆಳತಿಯರು ಹೋಗಿದ್ದೆವು. ಓಟದ ಸಾಲಿನಲ್ಲಿ ಗುಂಗುರು ಕೂದಲಿನ, ಕಡುಗಪ್ಪು ಬಣ್ಣದ ಹುಡುಗಿಯೊಬ್ಬಳು ನಿಂತಿದ್ದಳು. ಇವಳು ಯಾವ ದೇಶದವಳೋ ಎಂದು ನಮ್ಮಲ್ಲಿ ಪಿಸುಮಾತು ಹುಟ್ಟಿತು, ಯಾರೋ ಒಂದು ಕೆಟ್ಟ ಹಾಸ್ಯ ಮಾಡಿದರು, ನಾನೂ ನಕ್ಕೆ. ಓಟ ಮುಗಿದ ಮೇಲೆ ಅವಳು ನೇರವಾಗಿ ನಮ್ಮ ಬಳಿಗೇ ಬಂದು, ನಮಗಿಂತ ಅಚ್ಚುಕಟ್ಟಾದ ಕನ್ನಡದಲ್ಲಿ ಕುಡಿಯಲು ನೀರು ಕೇಳಿದಳು. ಯಲ್ಲಾಪುರದ ಕಡೆಯ ಸಿದ್ದಿ ಜನಾಂಗದವಳಂತೆ. ನೀರು ಕೊಟ್ಟೆ, ಆದರೆ ಮುಖವೆತ್ತಿ ನೋಡಲಾರದೆ ಹೋದೆ. ನನ್ನ ತಾತನ ಹೆಸರಿನ ಮೊದಲ ಎರಡಕ್ಷರವೇ ಕರಿ ಎಂಬುದು ಆ ಹೊತ್ತಿನಲ್ಲಿ ನನಗೆ ಹೇಗೆ ಮರೆತುಹೋಯಿತೋ ತಿಳಿಯದು.

ಇನ್ನು ಚರಿತ್ರೆಗೆ ಬರೋಣ.

ಅಂಬರನು ಹುಟ್ಟಿದ್ದು ಸುಮಾರು 1548ರಲ್ಲಿ, ಆಫ್ರಿಕಾ ಖಂಡದ ಇಥಿಯೋಪಿಯಾ ದೇಶದಲ್ಲಿ. ಅವನ ಬಾಲ್ಯದ ಹೆಸರು ಚಾಪು. ಎಳೆಯ ವಯಸ್ಸಿನಲ್ಲಿಯೇ ಗುಲಾಮರ ವ್ಯಾಪಾರಿಗಳ ಕೈಸೇರಿ, ಕೆಂಪು ಸಮುದ್ರವನ್ನು ದಾಟಿ, ಅರಬ್ಬರ ಪೇಟೆಗಳಲ್ಲಿ ಕೈಯಿಂದ ಕೈಗೆ ಮಾರಾಟವಾದನು. ಬಾಗ್ದಾದಿನ ಒಬ್ಬ ವರ್ತಕನು ಈ ಹುಡುಗನ ಚುರುಕುತನವನ್ನು ಕಂಡು ಅವನಿಗೆ ಓದು ಬರಹ ಕಲಿಸಿ, ಲೆಕ್ಕಪತ್ರದ ಕೆಲಸದಲ್ಲಿ ಪಳಗಿಸಿ, ಇಸ್ಲಾಂ ಮತಕ್ಕೆ ಸೇರಿಸಿ, ಅಂಬರ್ ಎಂದು ಹೆಸರಿಟ್ಟನು. ನಮ್ಮ ಭಾಷೆಯಲ್ಲಿ ಅಂಬರವೆಂದರೆ ಆಕಾಶ; ಅರಬ್ಬರಲ್ಲಿ ಅದು ಸಮುದ್ರದಲ್ಲಿ ದೊರೆಯುವ ಒಂದು ಸುಗಂಧದ್ರವ್ಯದ ಹೆಸರು. ತಂದೆತಾಯಿ ಇಟ್ಟ ಹೆಸರು ಹೋಗಿ ಮಾರುಕಟ್ಟೆಯ ಹೆಸರು ಉಳಿಯಿತು. ಆದರೆ ವಿದ್ಯೆಯೂ ಜೊತೆಗೆ ಬಂದಿತು. ಗುಲಾಮನಿಂದ ಯಾರೂ ಕಿತ್ತುಕೊಳ್ಳಲಾರದ ಆಸ್ತಿ ಅದೊಂದೇ.

1570ರ ದಶಕದ ಆರಂಭದಲ್ಲಿ ಅವನು ದಖ್ಖನಿಗೆ ಬಂದನು. ಬಹಮನಿ ರಾಜ್ಯ ಒಡೆದು ಹುಟ್ಟಿದ ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ ಮೊದಲಾದ ಸುಲ್ತಾನರು ಆ ಕಾಲದಲ್ಲಿ ಆಫ್ರಿಕಾದಿಂದ ಯುವಕರನ್ನು ಕೊಂಡು ತಂದು ಸೈನ್ಯಕ್ಕೆ ಸೇರಿಸಿಕೊಳ್ಳುತ್ತಿದ್ದರು. ಇವರನ್ನು ಹಬ್ಶಿಗಳೆಂದು ಕರೆಯುತ್ತಿದ್ದರು. ಊರಿನಲ್ಲಿ ಬಂಧುಬಳಗವಿಲ್ಲದ ಇವರು ಒಡೆಯನಿಗೆ ಮಾತ್ರ ನಿಷ್ಠರಾಗಿರುತ್ತಾರೆಂಬುದು ಸುಲ್ತಾನರ ಎಣಿಕೆ. ಅಂಬರನನ್ನು ಕೊಂಡವನು ಅಹಮದ್‌ನಗರದ ಪೇಶ್ವೆಯಾದ ಚಂಗೀಜ್ ಖಾನ್. ವಿಶೇಷವೆಂದರೆ ಆ ಪೇಶ್ವೆಯೂ ಹಿಂದೆ ಗುಲಾಮನಾಗಿದ್ದ ಹಬ್ಶಿಯೇ. ಅವನ ಮರಣಾನಂತರ ಅಂಬರನಿಗೆ ಬಿಡುಗಡೆ ದೊರೆಯಿತು. ಬಿಡುಗಡೆಯೇನೋ ಸಿಕ್ಕಿತು, ಅನ್ನಕ್ಕೆ ದಾರಿ ಬೇಕಲ್ಲ! ಅಂಬರನು ಕೆಲವು ಸಂಗಡಿಗರನ್ನು ಕಟ್ಟಿಕೊಂಡು ನಮ್ಮ ಬಿಜಾಪುರಕ್ಕೆ ಬಂದು ಆದಿಲ್‌ಶಾಹಿಗಳ ಸೈನ್ಯದಲ್ಲಿ ದುಡಿದನು. ಮಲಿಕ್ ಎಂಬ ಬಿರುದು ಅವನಿಗೆ ಸಂದದ್ದು ಇಲ್ಲಿಯೇ. ಹೀಗೆ ಅವನ ಕೀರ್ತಿಯ ಮೊದಲ ಮೆಟ್ಟಿಲು ಕನ್ನಡ ನಾಡಿನಲ್ಲಿಯೇ ಇದೆ.

1595ರ ಸುಮಾರಿಗೆ ಅವನು 150 ಮಂದಿ ಕುದುರೆಸವಾರರೊಡನೆ ಅಹಮದ್‌ನಗರಕ್ಕೆ ಮರಳಿದನು. ಅದು ಆ ರಾಜ್ಯಕ್ಕೆ ಬಹು ಕಷ್ಟದ ಕಾಲ. ಮೊಗಲರು ಕೋಟೆಯನ್ನು ಮುತ್ತಿದ್ದರು. ಬಿಜಾಪುರದ ರಾಜಮಾತೆಯೂ ಅಹಮದ್‌ನಗರದ ಮನೆಮಗಳೂ ಆದ ಚಾಂದಬೀಬಿಯು ಕೋಟೆಯನ್ನು ಕಾದ ಶೌರ್ಯವನ್ನು ಯಾರು ತಾನೆ ಅರಿಯರು? ಆದರೆ 1600ರಲ್ಲಿ ಆಕೆ ತನ್ನವರಿಂದಲೇ ಹತಳಾದಳು. ಕೋಟೆಯೂ ಅಕ್ಬರನ ಸೈನ್ಯದ ಪಾಲಾಯಿತು. ರಾಜ್ಯದ ಕಥೆ ಅಲ್ಲಿಗೆ ಮುಗಿಯಿತೆಂದು ಎಲ್ಲರೂ ಭಾವಿಸಿದರು.

ಮುಗಿಯಿತೆಂದು ಒಪ್ಪದವನು ಅಂಬರನೊಬ್ಬನೇ. ನಿಜಾಮಶಾಹಿ ಮನೆತನದ ಹುಡುಗನೊಬ್ಬನನ್ನು ಹುಡುಕಿ ತಂದು, ಎರಡನೆಯ ಮುರ್ತಜಾ ಎಂಬ ಹೆಸರಿನಿಂದ ಪರಾಂಡದ ಕೋಟೆಯಲ್ಲಿ ಪಟ್ಟ ಕಟ್ಟಿದನು. ತನ್ನ ಮಗಳನ್ನು ಕೊಟ್ಟು ಮದುವೆ ಮಾಡಿದನು. ರಾಜ್ಯದ ಆಡಳಿತವೆಲ್ಲ ಅಂಬರನ ಕೈಗೆ ಬಂದಿತು. ಬಯಲಿನಲ್ಲಿ ಎದುರಾಗಿ ನಿಂತು ಮೊಗಲರ ಫಿರಂಗಿಗಳನ್ನು ಗೆಲ್ಲುವುದು ಅಸಾಧ್ಯವೆಂದು ಅವನು ಬಲ್ಲನು. ಆದುದರಿಂದ ಹಗುರವಾದ ಕುದುರೆಗಳ ಮೇಲೆ ಬಂದು, ಶತ್ರುವಿನ ಧಾನ್ಯದ ಗಾಡಿಗಳನ್ನು ಕೊಳ್ಳೆಹೊಡೆದು, ಗುಡ್ಡಗಾಡಿನಲ್ಲಿ ಮಾಯವಾಗುವ ಯುದ್ಧಕ್ರಮವನ್ನು ಹಿಡಿದನು. ಇದಕ್ಕೆ ಮರಾಠಾ ಸವಾರರು ಅವನ ಬಲಗೈಯಾದರು. 1610ರ ಸುಮಾರಿನಲ್ಲಿ ಅವನ ಬಳಿ 10,000 ಹಬ್ಶಿಗಳೂ 40,000 ದಖ್ಖನಿಗಳೂ ಇದ್ದರೆಂದು ಆ ಕಾಲದ ಇಂಗ್ಲಿಷ್ ಪ್ರವಾಸಿಯೊಬ್ಬನು ಬರೆದಿಟ್ಟಿದ್ದಾನೆ. ಅದೇ ವರ್ಷ ಅಹಮದ್‌ನಗರದ ಕೋಟೆ ಮತ್ತೆ ನಿಜಾಮಶಾಹಿಗೆ ದಕ್ಕಿತು.

ಅಂಬರನು ಎಂದೂ ಸೋಲಲಿಲ್ಲವೆಂದು ನಾನು ಹೇಳುವುದಿಲ್ಲ. 1616ರಲ್ಲಿ ಅವನು ಸೋತನು. ಮೊಗಲರು ಅವನ ರಾಜಧಾನಿಯನ್ನು ಹಾಳುಗೆಡವಿದರು. ಅನಂತರ ಎರಡು ಬಾರಿ ಒಪ್ಪಂದಕ್ಕೆ ತಲೆಬಾಗಿದನು. ಪ್ರತಿ ಬಾರಿಯೂ ಮತ್ತೆ ಎದ್ದನು. ಚಕ್ರವರ್ತಿ ಜಹಾಂಗೀರನಿಗೆ ಇದು ನುಂಗಲಾರದ ತುತ್ತಾಯಿತು. ಅವನು ತನ್ನ ಆತ್ಮಕಥೆಯಲ್ಲಿ ಅಂಬರನ ಬಣ್ಣವನ್ನು ಹಿಡಿದು ಹೀನಾಯವಾಗಿ ಬೈದಿದ್ದಾನೆ. ಅಷ್ಟಕ್ಕೂ ತೃಪ್ತಿಯಿಲ್ಲದೆ ಅಬುಲ್ ಹಸನ್ ಎಂಬ ಆಸ್ಥಾನದ ಚಿತ್ರಗಾರನಿಂದ ಒಂದು ಚಿತ್ರ ಬರೆಸಿದನು. ಅದರಲ್ಲಿ ಚಕ್ರವರ್ತಿ ಭೂಗೋಳದ ಮೇಲೆ ನಿಂತು, ಈಟಿಯ ತುದಿಗೆ ಸಿಕ್ಕಿಸಿದ ಅಂಬರನ ತಲೆಗೆ ಬಾಣ ಬಿಡುತ್ತಿದ್ದಾನೆ. ಅಂಬರನು ಆಗ ಬದುಕಿದ್ದನು. ಅವನ ತಲೆ ಅವನ ಹೆಗಲ ಮೇಲೆಯೇ ಇದ್ದಿತು. ಯುದ್ಧಭೂಮಿಯಲ್ಲಿ ಆಗದ ಕೆಲಸವನ್ನು ಚಕ್ರವರ್ತಿ ಬಣ್ಣದ ಬಟ್ಟಲಿನಿಂದ ಮಾಡಿಸಿಕೊಂಡನು. ಆ ಚಿತ್ರದ ಅಚ್ಚನ್ನು ಪುಸ್ತಕದಲ್ಲಿ ನೋಡಿದಾಗ ನನಗೆ ಕ್ರೀಡಾಕೂಟದ ನಗು ನೆನಪಾಯಿತು. ಎದುರಿನವರ ಓಟವನ್ನು ಮೀರಲಾರದವರು ಅವರ ಬಣ್ಣವನ್ನು ಆಡಿಕೊಳ್ಳುತ್ತಾರೆ.

ಯುದ್ಧದ ಮಾತು ಸಾಕು. ನನ್ನ ಮನಸ್ಸನ್ನು ಹಿಡಿದದ್ದು ಅಂಬರನು ತಂದ ನೀರು. 1610ರಲ್ಲಿ ಅವನು ಖಡಕಿ ಎಂಬ ಹಳ್ಳಿಯಲ್ಲಿ ಹೊಸ ನಗರವನ್ನು ಕಟ್ಟತೊಡಗಿದನು. ಕಲ್ಲುನೆಲ, ನೀರಿಗೆ ಅಭಾವ. ಅಂಬರನು ಊರಿನ ಉತ್ತರದ ಗುಡ್ಡಗಳ ಬುಡದಲ್ಲಿ ಭೂಮಿಯೊಳಗಿನ ಸೆಲೆಗಳನ್ನು ಹುಡುಕಿಸಿ, ನೆಲದಡಿಯಲ್ಲಿ ಸುರಂಗದಂತೆ ಕಾಲುವೆ ತೆಗೆಸಿ, ಇಳಿಜಾರನ್ನು ಮಾತ್ರವೇ ನಂಬಿ ನೀರನ್ನು ನಗರದೊಳಕ್ಕೆ ಹರಿಸಿದನು. ನಡುನಡುವೆ ಗಾಳಿಯಾಡುವುದಕ್ಕೂ ಹೂಳು ತೆಗೆಯುವುದಕ್ಕೂ ಬಾವಿಯಂತಹ ಕಿಂಡಿಗಳನ್ನು ಕಟ್ಟಿಸಿದನು. ಎತ್ತಿನ ಕಪಿಲೆಯೂ ಇಲ್ಲ, ಯಂತ್ರವೂ ಇಲ್ಲ. ನಹರ್-ಎ-ಅಂಬರೀ ಎಂಬ ಈ ಕಾಲುವೆ ನೂರಾರು ವರ್ಷ ಆ ನಗರದ ಬಾಯಾರಿಕೆಯನ್ನು ತಣಿಸಿತು. ನಗರದ ಹೆಸರು ಮಾತ್ರ ನಿಲ್ಲಲಿಲ್ಲ. ಖಡಕಿಯು ಫತೇನಗರವಾಯಿತು, ಬಳಿಕ ಔರಂಗಾಬಾದಾಯಿತು, 2023ರಲ್ಲಿ ಛತ್ರಪತಿ ಸಂಭಾಜಿನಗರವಾಯಿತು. ಕಟ್ಟಿದವನ ಹೆಸರು ಊರಿಗೆ ಎಂದೂ ಬರಲಿಲ್ಲ. ಅದು ಉಳಿದದ್ದು ನೀರಿನಲ್ಲಿ.

ನನ್ನ ತಾತ ಹೊಳೆನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನೀರಗಂಟಿಯಾಗಿದ್ದರು. ಕೆರೆಯ ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ನೋಡಿ ಮಡೆ ತಿರುಗಿಸುವುದು, ಮಳೆಯ ರಾತ್ರಿ ಕಂಬಳಿ ಹೊದ್ದು ಏರಿಯ ಮೇಲೆ ನಡೆದು ಎಲ್ಲಿಯಾದರೂ ಜಿನುಗುತ್ತಿದೆಯೇ ಎಂದು ಕಾಯುವುದು ಅವರ ಕೆಲಸ. ಸುಗ್ಗಿಯಲ್ಲಿ ಕಣದ ಅಂಚಿನಲ್ಲಿ ನಿಂತು ತಮ್ಮ ಪಾಲಿನ ಭತ್ತವನ್ನು ಪಡೆಯುತ್ತಿದ್ದರು. ಊರಿನ ಗದ್ದೆಗಳೆಲ್ಲ ಅವರ ಕೈಯ ನೀರನ್ನು ಕುಡಿದವು. ಊರಿನ ಮನೆಗಳಲ್ಲಿ ಅವರ ಕೈಯ ನೀರು ಸಲ್ಲುತ್ತಿರಲಿಲ್ಲ. ಅವರಿಗೆ ಸಹಿ ಮಾಡಲು ಬರುತ್ತಿರಲಿಲ್ಲ. ಅವರ ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನು. ಅಂಬರನು ಇಳಿಜಾರನ್ನು ಅಳೆದು ನೀರು ತಂದನೆಂದು ಓದಿದಾಗ, ಬರಿಗಣ್ಣಿನಿಂದಲೇ ಗದ್ದೆಯ ಏರಿಳಿತವನ್ನು ಹೇಳುತ್ತಿದ್ದ ತಾತನೇ ಕಣ್ಣಮುಂದೆ ಬಂದರು.

ಅಂಬರನು ಕಂದಾಯದ ಪದ್ಧತಿಯನ್ನೂ ತಿದ್ದಿದನು. ವಸೂಲಿಯನ್ನು ಗುತ್ತಿಗೆದಾರರಿಗೆ ಒಪ್ಪಿಸುವುದನ್ನು ಬಿಟ್ಟು, ಭೂಮಿಯ ಗುಣವನ್ನೂ ಬೆಳೆಯನ್ನೂ ನೋಡಿ ತೆರಿಗೆ ನಿಗದಿ ಮಾಡಿಸಿದನು. ಹಳ್ಳಿಯ ಪಟೇಲರ ಹಕ್ಕನ್ನು ಗಟ್ಟಿಗೊಳಿಸಿದನು. ಅವನ ಆಶ್ರಯದಲ್ಲಿ ಹಿಂದೂಗಳೂ ಮುಸಲ್ಮಾನರೂ ದೊಡ್ಡ ಅಧಿಕಾರಗಳನ್ನು ಪಡೆದರು. ಶಿವಾಜಿಯ ತಂದೆಯಾದ ಶಹಾಜಿಯು ಅವನ ಕೈಕೆಳಗೆ ಯುದ್ಧ ಕಲಿತವನು. ಇದೇ ಶಹಾಜಿಯು ಮುಂದೆ ಬೆಂಗಳೂರಿನಲ್ಲಿ ನೆಲೆಸಿ, 1664ರಲ್ಲಿ ಚನ್ನಗಿರಿಯ ಹತ್ತಿರದ ಹೊದಿಗೆರೆಯಲ್ಲಿ ಕಾಲವಾದನು.

1624ರಲ್ಲಿ ಮೊಗಲರೂ ಬಿಜಾಪುರದವರೂ ಒಂದಾಗಿ ಅಂಬರನ ಮೇಲೆ ಬಂದರು. ಅಹಮದ್‌ನಗರದ ಸಮೀಪದ ಭಾತವಡಿಯಲ್ಲಿ ಅಂಬರನು ಕೆರೆಯ ಏರಿಯನ್ನು ಒಡೆಸಿ ಶತ್ರುಗಳ ದಾರಿಯನ್ನು ಕೆಸರು ಮಾಡಿ, ಎರಡು ಸೈನ್ಯಗಳನ್ನೂ ಸೋಲಿಸಿದನು. ಅಲ್ಲಿಂದ ಬಿಜಾಪುರದತ್ತ ನುಗ್ಗಿ, ಸಂಗೀತಪ್ರಿಯನಾದ ಎರಡನೆಯ ಇಬ್ರಾಹಿಂ ಆದಿಲ್‌ಶಹನು ಆಸೆಯಿಂದ ಕಟ್ಟಿಸುತ್ತಿದ್ದ ನೌರಸಪುರವನ್ನು ಕೊಳ್ಳೆಹೊಡೆದನು. ನೀರಗಂಟಿಯ ಮೊಮ್ಮಗಳಾದ ನನಗೆ ಕೆರೆಯ ಏರಿ ಒಡೆಯುವುದೆಂದರೆ ಎದೆ ನಡುಗುತ್ತದೆ. ತನಗೆ ಮೊದಲು ಬಿರುದಿತ್ತ ನಾಡನ್ನು ಸುಟ್ಟದ್ದು ಕನ್ನಡತಿಯಾದ ನನಗೆ ಒಪ್ಪಿಗೆಯಾಗುವುದಿಲ್ಲ. ಗುಲಾಮಗಿರಿಯಿಂದ ಮೇಲೆದ್ದವನೆಂಬ ಕಾರಣಕ್ಕೆ ಅವನ ತಪ್ಪುಗಳನ್ನು ಮುಚ್ಚಬೇಕಾಗಿಲ್ಲ. ಬೇರೆ ಅರಸರ ತಪ್ಪುಗಳನ್ನು ಒಪ್ಪಿಯೂ ಅವರನ್ನು ನೆನೆಯುವ ನಾವು, ಇವನನ್ನೂ ಅದೇ ತಕ್ಕಡಿಯಲ್ಲಿ ತೂಗಿದರೆ ಸಾಕು.

1626ರಲ್ಲಿ, ಸುಮಾರು 78ನೆಯ ವಯಸ್ಸಿನಲ್ಲಿ, ಅಂಬರನು ಮರಣಹೊಂದಿದನು. ಖುಲ್ದಾಬಾದಿನಲ್ಲಿ ಅವನ ಗೋರಿಯಿದೆ. ಅವನ ಮಗ ಫತೇಖಾನನಿಗೆ ತಂದೆಯ ಸಾಮರ್ಥ್ಯವಿರಲಿಲ್ಲ. 1633ರಲ್ಲಿ ದೌಲತಾಬಾದ್ ಬಿದ್ದಿತು. 1636ರ ಹೊತ್ತಿಗೆ ಆ ರಾಜ್ಯವೇ ಇಲ್ಲವಾಯಿತು.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳ ಕಾಡಿನಂಚಿನಲ್ಲಿ ಬಾಳುವ ಸಿದ್ದಿಗಳು ಅಂಬರನ ವಂಶದವರೆಂದಲ್ಲ; ಅವರ ಹಿರಿಯರಲ್ಲಿ ಅನೇಕರು ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಬಂದವರು. ಆದರೆ ಅವರೂ ಅದೇ ಕಡಲನ್ನು ಅದೇ ಸಂಕೋಲೆಯಲ್ಲಿ ದಾಟಿದ ಜನ. ಅವರಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತರು ಮೂವರೂ ಇದ್ದಾರೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ನಾಲ್ಕು ನೂರು ವರ್ಷ ಈ ನೆಲದ ಅನ್ನವುಂಡು, ಈ ನೆಲಕ್ಕೆ ಬೆವರು ಸುರಿಸಿದವರನ್ನು ಯಾವ ದೇಶದವರೆಂದು ಕೇಳುವುದು ನಮ್ಮ ಅಜ್ಞಾನವಲ್ಲದೆ ಮತ್ತೇನು?

ನಮ್ಮೂರಿನ ಕೆರೆಯ ಏರಿಯ ಮೇಲೆ ಅಕ್ಷರ ಸವೆದ ಒಂದು ಕಲ್ಲಿದೆ. ಅಂತಹ ಕಲ್ಲುಗಳಲ್ಲಿ ಕೆರೆ ಕಟ್ಟಿಸಿದವರ ಹೆಸರಿರುತ್ತದೆ. ಕೆರೆ ಕಾದವರ ಹೆಸರು ಇರುವುದಿಲ್ಲ. ಕಳೆದ ವರ್ಷ ಅರ್ಜಿಯೊಂದರಲ್ಲಿ ತಾತನ ಹೆಸರನ್ನು ಪೂರ್ತಿಯಾಗಿ ಬರೆಯಬೇಕಾಗಿ ಬಂದಾಗ, ಪಕ್ಕದಲ್ಲಿದ್ದವರು ನೋಡಿಯಾರೆಂದು ನಾನು ಒಂದಕ್ಷರವನ್ನು ಮಾತ್ರ ಬರೆದು ಚುಕ್ಕಿಯಿಟ್ಟಿದ್ದೆ. ಈ ವರ್ಷ ಪದವಿಯ ಅರ್ಜಿಯನ್ನು ತುಂಬುವಾಗ ಪೂರ್ತಿ ಬರೆದೆ. ಅಕ್ಷರ ಸ್ವಲ್ಪ ದೊಡ್ಡದಾಗಿಯೇ ಬಿದ್ದಿತು.