ಫರ್ರೂಖ್ ಬಲ್ಸಾರಾನ ವೇಷಗಳು

ಪುಣೆಯಿಂದ ಪಂಚಗಣಿ ನೂರು ಕಿಲೋಮೀಟರ್ ಆಸುಪಾಸು. ನಮ್ಮಲ್ಲಿ ಬಹಳ ಮಂದಿ ಅಲ್ಲಿಗೆ ಹೋಗಿ, ಸ್ಟ್ರಾಬೆರಿ ತಿಂದು, ಟೇಬಲ್ ಲ್ಯಾಂಡಿನ ಮೇಲೆ ಕುದುರೆ ಹತ್ತಿ ಫೋಟೋ ತೆಗೆಸಿಕೊಂಡು ಬಂದವರೇ. ಆ ಊರಿನ ಸೇಂಟ್ ಪೀಟರ್ಸ್ ಶಾಲೆಯಲ್ಲಿ 1950ರ ದಶಕದ ಕೊನೆಗೆ ಐದು ಜನ ಹುಡುಗರು ಸೇರಿ ‘ದಿ ಹೆಕ್ಟಿಕ್ಸ್’ ಅಂತ ಒಂದು ಬ್ಯಾಂಡ್ ಕಟ್ಟಿಕೊಂಡಿದ್ದರು. ಮುಂದೆ ನಿಂತು ಹಾಡುವವನು ಬೇರೆಯವನು. ಹಲ್ಲುಬ್ಬಿನ, ನಾಚಿಕೆ ಸ್ವಭಾವದ ಒಬ್ಬ ಪಾರ್ಸಿ ಹುಡುಗ ಹಿಂದೆ ಕೂತು ಪಿಯಾನೋ ಬಾರಿಸುತ್ತಿದ್ದ. ಫರ್ರೂಖ್ ಬಲ್ಸಾರಾ ಅವನ ಹೆಸರು. ಮುಂದೆ ಜಗತ್ತು ಅವನನ್ನು ಫ್ರೆಡ್ಡಿ ಮರ್ಕ್ಯುರಿ ಅಂತ ಕರೆಯಿತು.

ಹುಟ್ಟಿದ್ದು 1946ರ ಸೆಪ್ಟೆಂಬರ್ 5ರಂದು, ಜಾಂಜಿಬಾರಿನಲ್ಲಿ. ತಂದೆ ಬೋಮಿ ಅಲ್ಲಿನ ಬ್ರಿಟಿಷ್ ಸರ್ಕಾರದ ಕಚೇರಿಯಲ್ಲಿ ಕ್ಯಾಷಿಯರ್. ಮನೆತನದ ಹೆಸರು ಬಂದದ್ದು ಗುಜರಾತಿನ ಬಲ್ಸಾರ್ ಊರಿನಿಂದ, ಅಂದರೆ ಈಗಿನ ವಲ್ಸಾಡ್. ಎಂಟು ವರ್ಷ ತುಂಬುವ ಹೊತ್ತಿಗೆ ಮಗನನ್ನು ಹಡಗು ಹತ್ತಿಸಿ ಪಂಚಗಣಿಯ ಬೋರ್ಡಿಂಗ್ ಶಾಲೆಗೆ ಕಳಿಸಿದರು. ಆ ವಯಸ್ಸಿನ ಮಗು ಸಮುದ್ರದಾಚೆ ತಂದೆ ತಾಯಿಯನ್ನು ಬಿಟ್ಟು ವರ್ಷಗಟ್ಟಲೆ ಇರುವುದೆಂದರೆ ಏನು ಅನ್ನೋದನ್ನು ಹಾಸ್ಟೆಲಿನಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಫರ್ರೂಖ್ ಫ್ರೆಡ್ಡಿ ಆದದ್ದು ಅಲ್ಲೇ. ಗೆಳೆಯರು ಕರೆದರು, ಅವನು ಇಟ್ಟುಕೊಂಡ. 1963ರಲ್ಲಿ ಜಾಂಜಿಬಾರಿಗೆ ವಾಪಸಾದ. ಮರು ವರ್ಷ ಜನವರಿಯಲ್ಲಿ ಅಲ್ಲಿ ಕ್ರಾಂತಿಯಾಯಿತು, ಸುಲ್ತಾನ ಓಡಿದ, ಅರಬರೂ ಭಾರತೀಯರೂ ಜೀವ ಕೈಯಲ್ಲಿ ಹಿಡಿದು ಊರು ಬಿಟ್ಟರು. ಬಲ್ಸಾರಾ ಕುಟುಂಬ ಲಂಡನ್ ವಿಮಾನ ನಿಲ್ದಾಣದ ಪಕ್ಕದ ಫೆಲ್ಥಮ್‌ನಲ್ಲಿ ಒಂದು ಪುಟ್ಟ ಮನೆ ಹಿಡಿಯಿತು. ಹದಿನೇಳು ವರ್ಷಕ್ಕೆ ಮೂರು ಖಂಡ ಕಂಡವನಿಗೆ ಯಾವ ಊರೂ ತನ್ನದಲ್ಲ.

ಈಲಿಂಗ್ ಕಲಾಶಾಲೆಯಲ್ಲಿ ಗ್ರಾಫಿಕ್ ಕಲೆ ಓದಿದ. ಕೆನ್ಸಿಂಗ್ಟನ್ ಮಾರುಕಟ್ಟೆಯಲ್ಲಿ ರೋಜರ್ ಟೇಲರ್ ಎಂಬ ಡ್ರಮ್ಮರ್ ಜತೆ ಹಳೆ ಬಟ್ಟೆ ಮಾರಿದ. ಟೇಲರ್ ಮತ್ತು ಬ್ರಿಯನ್ ಮೇ ಎಂಬ ಗಿಟಾರ್ ವಾದಕ ‘ಸ್ಮೈಲ್’ ಅನ್ನೋ ತಂಡ ನಡೆಸುತ್ತಿದ್ದರು. ಅವರ ಗಾಯಕ ಬಿಟ್ಟುಹೋದಾಗ 1970ರಲ್ಲಿ ಇವನು ಸೇರಿಕೊಂಡ. ಸೇರಿಕೊಂಡ ಅನ್ನೋದಕ್ಕಿಂತ ಅದನ್ನು ಕಿತ್ತು ಮತ್ತೆ ಕಟ್ಟಿದ ಅನ್ನಬೇಕು. ‘ಕ್ವೀನ್’ ಎಂದು ಹೆಸರಿಟ್ಟ. ತನ್ನ ಅಡ್ಡಹೆಸರನ್ನು ಮರ್ಕ್ಯುರಿ ಎಂದು ಬದಲಿಸಿದ. ಕಲಾಶಾಲೆಯ ವಿದ್ಯೆ ಖರ್ಚು ಮಾಡಿ ನಾಲ್ವರ ರಾಶಿಗಳನ್ನೂ ಹೆಣೆದು ಒಂದು ರಾಜಲಾಂಛನ ಬರೆದ: ಎರಡು ಸಿಂಹ, ಒಂದು ಏಡಿ, ತನ್ನ ಕನ್ಯಾರಾಶಿಗೆ ಇಬ್ಬರು ಕಿನ್ನರಿಯರು, ಮೇಲೆ ಫೀನಿಕ್ಸ್ ಹಕ್ಕಿ. ಬಾಸ್ ನುಡಿಸಲು 1971ರಲ್ಲಿ ಜಾನ್ ಡೀಕನ್ ಬಂದ. ಮೊದಲ ರೆಕಾರ್ಡ್ ಹೊರಬರಲು 1973 ಆಯಿತು. ಅಂದರೆ ರೆಕಾರ್ಡಿಗಿಂತ ಮುಂಚೆ ಹೆಸರು, ವೇಷ, ಲಾಂಛನ ತಯಾರು. ವಿಮರ್ಶಕರಿಗೆ ಮೊದಲು ಚುಚ್ಚಿದ್ದು ಇದೇ.

ಆ ಕಾಲದ ಇಂಗ್ಲಿಷ್ ರಾಕ್ ಪತ್ರಿಕೆಗಳಿಗೆ ತಮ್ಮದೇ ಒಂದು ಮಡಿ ಇತ್ತು. ರಾಕ್ ಅಂದರೆ ಬೀದಿಯಿಂದ ಬರಬೇಕು, ಬೆವರಿರಬೇಕು, ಜೀನ್ಸ್ ಹರಿದಿರಬೇಕು, ಹಾಡುವವನು ತನ್ನ ಒಳಗನ್ನು ತೋಡಿಕೊಳ್ಳಬೇಕು. ಇವನೋ ಜಾಂಡ್ರಾ ರೋಡ್ಸ್ ಹೊಲಿದುಕೊಟ್ಟ ಬಿಳಿ ರೆಕ್ಕೆಯ ನಿಲುವಂಗಿ ತೊಟ್ಟು, ಉಗುರಿಗೆ ಕಪ್ಪು ಬಣ್ಣ ಹಚ್ಚಿ, ಬುಡವಿಲ್ಲದ ಅರ್ಧ ಮೈಕ್ ಸ್ಟ್ಯಾಂಡನ್ನು ರಾಜದಂಡದ ಹಾಗೆ ತಿರುಗಿಸುತ್ತ ಹೊಗೆಯೊಳಗಿಂದ ಬರುತ್ತಿದ್ದ. ಇದು ಸಂಗೀತವಲ್ಲ, ಆಡಂಬರ ಅಂದರು. ಕಂಪನಿ ನಾಟಕದ ಸೀನರಿ, ಝಗಮಗ ನೋಡಿ ಮೂಗು ಮುರಿದ ನಮ್ಮ ಹವ್ಯಾಸಿ ರಂಗಭೂಮಿಯವರ ಮಾತು ಇಲ್ಲಿ ನಿಮಗೆ ನೆನಪಾಗಬಹುದು. ಅಲ್ಲೂ ಹೀಗೇ: ಬರೆಯುವವರು ಒಂದು ಕಡೆ, ಟಿಕೆಟ್ ಕೊಂಡವರು ಇನ್ನೊಂದು ಕಡೆ.

1975ರ ‘ಬೊಹೀಮಿಯನ್ ರಾಪ್ಸೊಡಿ’ ಈ ಜಗಳವನ್ನು ಮನೆಮನೆಗೆ ತಂದಿತು. ಆರು ನಿಮಿಷಕ್ಕೆ ಐದು ಸೆಕೆಂಡು ಕಡಿಮೆ. ರೇಡಿಯೋದಲ್ಲಿ ಮೂರು ನಿಮಿಷದ ಹಾಡಿಗೆ ಜಾಗ, ಇಷ್ಟುದ್ದ ಯಾರು ಹಾಕುತ್ತಾರೆ ಅಂತ ಕಂಪನಿಯವರು ತಲೆ ಕೆಡಿಸಿಕೊಂಡರು. ಮೊದಲು ಪಿಯಾನೋ ಮೇಲೆ ಅಳು, ನಡುವೆ ಇಟಾಲಿಯನ್ ಆಪೆರಾದ ಅಣಕ, ಆಮೇಲೆ ಕಿವಿ ಒಡೆಯುವ ಗಿಟಾರ್, ಕೊನೆಗೆ ಮತ್ತೆ ಮೌನ. ಪಲ್ಲವಿ ಇಲ್ಲ. ಆಪೆರಾ ಭಾಗಕ್ಕೆ ಮೂವರೇ ಹಾಡಿ, ಅದರ ಮೇಲೆ ಮತ್ತೆ ಹಾಡಿ, ಮತ್ತೆ ಹಾಡಿ, ಧ್ವನಿ ತುಂಬಿದ ಟೇಪು ಸವೆದು ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳುವಾಯಿತಂತೆ. ಲಂಡನ್ನಿನ ರೇಡಿಯೋ ನಿರೂಪಕ ಕೆನ್ನಿ ಎವೆರೆಟ್ ಅದನ್ನು ಒಂದೇ ವಾರಾಂತ್ಯದಲ್ಲಿ ಹದಿನಾಲ್ಕು ಸಲ ಹಾಕಿದ. ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನ. ಹಾಡಿನ ಅರ್ಥ ಏನು ಅಂತ ಕೇಳಿದವರಿಗೆ ಫ್ರೆಡ್ಡಿ ಎಂದೂ ನೇರ ಉತ್ತರ ಕೊಡಲಿಲ್ಲ. ವಿಮರ್ಶಕರಿಗೆ ಇದು ಪೊಳ್ಳುತನದ ಸಾಕ್ಷಿ, ಅಭಿಮಾನಿಗಳಿಗೆ ರಹಸ್ಯದ ಸಾಕ್ಷಿ. ಒಬ್ಬ ತಾಯಿಯನ್ನು ಕರೆದು ತಪ್ಪೊಪ್ಪಿಕೊಳ್ಳುವ ಆ ಹುಡುಗನಲ್ಲಿ ಆಡಂಬರ ಮಾತ್ರ ಕೇಳಿಸುವವರ ಕಿವಿಯ ಬಗ್ಗೆ ನನಗೆ ಅನುಮಾನ.

ಮುಂದೆ ಪಂಕ್ ಬಂತು. 1977ರಲ್ಲಿ ಎನ್‌ಎಂಇ ಪತ್ರಿಕೆ ಇವನ ಸಂದರ್ಶನ ಹಾಕಿ, ಈ ಮನುಷ್ಯ ಮೂರ್ಖನೋ ಹೇಗೆ ಎಂಬರ್ಥದ ತಲೆಬರಹ ಕೊಟ್ಟಿತು. ಅದೇ ವರ್ಷ ಸ್ಟ್ಯಾಫರ್ಡ್ ಊರಿನಲ್ಲಿ ಕಛೇರಿ ಮುಗಿದ ಮೇಲೂ ಜನ ಎದ್ದುಹೋಗದೆ ಇವರಿಗೇ ಹಾಡು ಹೇಳತೊಡಗಿದ್ದರು. ಅದನ್ನು ಕಂಡ ಬ್ರಿಯನ್ ಮೇ, ಕಿಕ್ಕಿರಿದು ನಿಂತ ಮಂದಿ ಏನು ಮಾಡಬಲ್ಲರು, ಕಾಲು ಬಡಿಯಬಹುದು, ಚಪ್ಪಾಳೆ ತಟ್ಟಬಹುದು ಅಂತ ಯೋಚಿಸಿ ‘ವೀ ವಿಲ್ ರಾಕ್ ಯೂ’ ಕಟ್ಟಿದ. ಎರಡು ಹೆಜ್ಜೆ, ಒಂದು ಚಪ್ಪಾಳೆ. ಜತೆಗೆ ಫ್ರೆಡ್ಡಿ ಬರೆದ ‘ವೀ ಆರ್ ದ ಚಾಂಪಿಯನ್ಸ್’. 1979ರಲ್ಲಿ ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆಯಲ್ಲಿ ಡೇವ್ ಮಾರ್ಶ್ ಇವರನ್ನು ಫ್ಯಾಸಿಸ್ಟ್ ತಂಡ ಅಂದುಬಿಟ್ಟ. ಸಾವಿರಾರು ಜನ ಒಟ್ಟಿಗೆ ಕೈ ಎತ್ತಿದ್ದು ಅವನ ಕಣ್ಣಿಗೆ ಬೇರೆ ಏನನ್ನೋ ನೆನಪಿಸಿರಬೇಕು. ಇದು ಅತಿಯಾಯಿತು. ಜಾತ್ರೆಯಲ್ಲಿ ತೇರು ಎಳೆಯುವವರೂ ಒಟ್ಟಿಗೇ ಕೂಗುತ್ತಾರೆ, ಅವರು ಯಾರ ಮೇಲೂ ದಂಡೆತ್ತಿ ಹೋಗುವುದಿಲ್ಲ. ಆದರೆ ಮಾರ್ಶನ ಬೈಗುಳದಲ್ಲಿ ಒಂದು ಎಳೆ ನಿಜವಿತ್ತು. ತಮ್ಮ ಮುಂದೆ ಜನ ಇದ್ದರೆ ಸಾಕು, ಆ ಅಂಗಳ ಯಾರದು ಅಂತ ಈ ನಾಲ್ವರು ಕೇಳುತ್ತಿರಲಿಲ್ಲ.

ಅದಕ್ಕೆ ಬರುವ ಮುಂಚೆ ಅಭಿಮಾನಿಗಳ ಒಳಜಗಳವನ್ನೂ ಹೇಳಿಬಿಡುತ್ತೇನೆ. ಮೊದಮೊದಲ ರೆಕಾರ್ಡುಗಳ ರಟ್ಟಿನ ಮೇಲೆ ಇದರಲ್ಲಿ ಸಿಂಥಸೈಜರ್ ಬಳಸಿಲ್ಲ ಅಂತ ಹೆಮ್ಮೆಯಿಂದ ಅಚ್ಚು ಹಾಕುತ್ತಿದ್ದರು. 1980ರ ‘ದ ಗೇಮ್’ನಲ್ಲಿ ಅದು ಬಂತು. ಹಳಬರು ಮುಖ ಸಿಂಡರಿಸಿದರು. ಅದೇ ವರ್ಷ ಫ್ರೆಡ್ಡಿ ಉದ್ದ ಕೂದಲು ಕತ್ತರಿಸಿ ಮೀಸೆ ಬಿಟ್ಟ. ಅಮೆರಿಕದಲ್ಲಿ ಕೆಲವರು ಬೋಳಿಸಿಕೋ ಅಂತ ರೇಜರುಗಳನ್ನೇ ವೇದಿಕೆಗೆ ಎಸೆದರು! 1982ರ ‘ಹಾಟ್ ಸ್ಪೇಸ್’ ಡಿಸ್ಕೋ ಕಡೆ ವಾಲಿತು, ಗಿಟಾರ್ ಮೂಲೆಗೆ ಸೇರಿತು, ಅಭಿಮಾನಿಗಳಲ್ಲಿ ಎರಡು ಪಂಗಡ. 1984ರಲ್ಲಿ ‘ಐ ವಾಂಟ್ ಟು ಬ್ರೇಕ್ ಫ್ರೀ’ ಚಿತ್ರಿಕೆಗೆ ನಾಲ್ವರೂ ಹೆಂಗಸರ ವೇಷ ಹಾಕಿದರು. ಫ್ರೆಡ್ಡಿ ಮೀಸೆ ತೆಗೆಯದೆಯೇ ಲಂಗ ತೊಟ್ಟು ನೆಲದ ಧೂಳು ಹೀರುವ ಯಂತ್ರ ತಳ್ಳಿದ. ಇಂಗ್ಲೆಂಡು ನಕ್ಕಿತು. ಅಮೆರಿಕ ನಗಲಿಲ್ಲ. ಬ್ರಿಯನ್ ಮೇ ಮುಂದೆ ಹೇಳಿದ ಪ್ರಕಾರ ಆ ದೇಶದಲ್ಲಿ ತಂಡದ ಬೇಡಿಕೆ ಇಳಿಯಲು ಇದೂ ಒಂದು ಕಾರಣ. ಸ್ತ್ರೀವೇಷದ ಕಲಾವಿದರನ್ನು ತಲೆಮಾರುಗಟ್ಟಲೆ ನೋಡಿ ಬೆಳೆದ ನಮಗೆ ಇದರಲ್ಲಿ ಬೆಚ್ಚಿಬೀಳುವಂಥದ್ದೇನಿದೆ ಅನ್ನಿಸುತ್ತದೆ.

ಈಗ ಆ ಅಂಗಳದ ವಿಚಾರ. 1981ರಲ್ಲಿ ಕ್ವೀನ್ ಅರ್ಜೆಂಟೀನಾಕ್ಕೆ ಹೋಗಿ ಫುಟ್‌ಬಾಲ್ ಮೈದಾನಗಳಲ್ಲಿ ಹಾಡಿತು. ಆಗ ಅಲ್ಲಿ ಸೈನ್ಯದ ಆಳ್ವಿಕೆ, ಸಾವಿರಾರು ಮಂದಿ ಕಾಣೆಯಾಗಿದ್ದ ಕಾಲ. 1984ರ ಅಕ್ಟೋಬರಿನಲ್ಲಿ ಇನ್ನೂ ಕೆಟ್ಟದ್ದಾಯಿತು. ದಕ್ಷಿಣ ಆಫ್ರಿಕದ ಬಿಳಿಯರ ಸರ್ಕಾರ ಕರಿಯರನ್ನು ಅವರದೇ ದೇಶದಿಂದ ಹೊರಗಿಡಲು ಬೊಫುತಟ್ಸ್ವಾನಾ ಮುಂತಾದ ‘ತಾಯ್ನಾಡು’ಗಳನ್ನು ಹುಟ್ಟಿಸಿತ್ತು. ಜಗತ್ತಿನ ಬೇರಾವ ದೇಶವೂ ಅದನ್ನು ದೇಶ ಅಂತ ಒಪ್ಪಿರಲಿಲ್ಲ. ಅಲ್ಲಿ ಜೂಜುಕಟ್ಟೆಯ ಸುತ್ತ ಎದ್ದ ವೈಭವದ ಊರು ಸನ್ ಸಿಟಿ. ಕಲಾವಿದರು ಹೋಗಕೂಡದು ಅಂತ ವಿಶ್ವಸಂಸ್ಥೆ ಬಹಿಷ್ಕಾರ ಹಾಕಿತ್ತು, ಬ್ರಿಟನ್ನಿನ ಸಂಗೀತಗಾರರ ಸಂಘ ನಿಷೇಧಿಸಿತ್ತು. ಕ್ವೀನ್ ಹೋಯಿತು. ಫ್ರೆಡ್ಡಿಯ ಗಂಟಲು ಕೈಕೊಟ್ಟು ಕೆಲವು ಕಛೇರಿಗಳು ರದ್ದಾದವು, ಉಳಿದವು ನಡೆದವು. ತಾವು ರಾಜಕೀಯದವರಲ್ಲ, ಕೇಳಲು ಬಂದ ಎಲ್ಲರಿಗೂ ಹಾಡುವವರು, ಆ ಸಭಾಂಗಣದಲ್ಲಿ ಬಣ್ಣದ ಬೇಲಿ ಇರಲಿಲ್ಲ ಅನ್ನೋದು ತಂಡದ ಸಮರ್ಥನೆ. ಕಿವುಡ, ಕುರುಡ ಮಕ್ಕಳ ಶಾಲೆಯೊಂದಕ್ಕೆ ಹಣವನ್ನೂ ಕೊಟ್ಟರು. ಸಂಘ ದಂಡ ಹಾಕಿತು, ವಿಶ್ವಸಂಸ್ಥೆಯ ಕಪ್ಪುಪಟ್ಟಿಗೆ ಹೆಸರು ಸೇರಿತು.

ನಾನು ಕ್ವೀನ್ ಕೇಳುವವನೇ, ಆದರೂ ಈ ಸಮರ್ಥನೆ ನನಗೆ ಒಪ್ಪಿಗೆಯಿಲ್ಲ. ದಕ್ಷಿಣ ಆಫ್ರಿಕದ ಕಾನೂನು ಜನರನ್ನು ಬಿಳಿಯರು, ಕರಿಯರು, ಮಿಶ್ರರು, ಭಾರತೀಯರು ಅಂತ ವಿಂಗಡಿಸಿತ್ತು. ಬೋಮಿ ಬಲ್ಸಾರಾ ಜಾಂಜಿಬಾರಿನ ಬದಲು ಡರ್ಬನ್ನಿನಲ್ಲಿ ನೌಕರಿ ಹಿಡಿದಿದ್ದರೆ ಅವನ ಮಗನಿಗೆ ಯಾವ ಸಾಲು ಸಿಗುತ್ತಿತ್ತು ಅಂತ ಲೆಕ್ಕ ಹಾಕಿ ನೋಡಿ. ಮರ್ಕ್ಯುರಿ ಎಂಬ ಹೆಸರು, ವೇಷ, ಖ್ಯಾತಿ ಎಲ್ಲವೂ ಸೇರಿ ಅವನನ್ನು ಆ ಲೆಕ್ಕದಿಂದ ಮೇಲೆತ್ತಿದ್ದವು. ವೇಷದಲ್ಲಿ ನಿಜವಿಲ್ಲ ಅನ್ನುವವರ ಜತೆ ನಾನು ಜಗಳಕ್ಕೆ ನಿಲ್ಲಬಲ್ಲೆ. ವೇಷ ತೊಟ್ಟವನು ಉಳಿದವರನ್ನು ಮರೆಯಬಹುದು ಅನ್ನುವವರ ಮುಂದೆ ಸುಮ್ಮನಾಗುತ್ತೇನೆ.

ಅಭಿಮಾನಿಗಳು ಸುಮ್ಮನಾಗುವುದಿಲ್ಲ. ತಕ್ಷಣ ಲೈವ್ ಏಡ್ ತೋರಿಸುತ್ತಾರೆ. 1985ರ ಜುಲೈ 13, ವೆಂಬ್ಲಿ ಕ್ರೀಡಾಂಗಣ, ಇಥಿಯೋಪಿಯದ ಬರಗಾಲಕ್ಕೆ ಹಣ ಎತ್ತುವ ಕಛೇರಿ. ಸಂಜೆಯ ಬೆಳಕು, ಹೊಗೆಯಿಲ್ಲ, ದೀಪಗಳ ಆಟವಿಲ್ಲ, ರೆಕ್ಕೆಯ ಅಂಗಿ ಇಲ್ಲ. ಬಿಳಿ ಬನಿಯನ್ನು, ತೆಳು ನೀಲಿ ಜೀನ್ಸು, ಅರ್ಧ ಮೈಕ್ ಸ್ಟ್ಯಾಂಡು. ಇಪ್ಪತ್ತು ನಿಮಿಷ ಚಿಲ್ಲರೆ. ಅವನು ಒಂದು ಸ್ವರ ಎಳೆದರೆ ಎಪ್ಪತ್ತೆರಡು ಸಾವಿರ ಜನ ಅದನ್ನೇ ತಿರುಗಿ ಕೊಟ್ಟರು, ವಕ್ರಗತಿಯಲ್ಲಿ ಹಾಡಿದರೂ ಕೊಟ್ಟರು. ಹತ್ತು ವರ್ಷ ಬೈದವರೂ ಆ ದಿನ ಇವರೇ ಗೆದ್ದರು ಅಂದರು. ಆಡಂಬರ ತೆಗೆದರೆ ಉಳಿಯುವುದೇನು ಅಂತ ಕೇಳುತ್ತಿದ್ದವರಿಗೆ ಉತ್ತರ ಸಿಕ್ಕಿತ್ತು. ಆದರೆ ಸನ್ ಸಿಟಿಗೂ ಇದಕ್ಕೂ ನಡುವೆ ಒಂಬತ್ತು ತಿಂಗಳು. ಇದು ಅದನ್ನು ತೊಳೆಯಿತು ಅನ್ನೋದು ಅಭಿಮಾನಿಗಳ ಗಣಿತ, ನನ್ನದಲ್ಲ. ಎರಡೂ ಒಬ್ಬನೇ ಮನುಷ್ಯನ ಕೆಲಸ.

1986ರ ಆಗಸ್ಟ್ 9ರಂದು ನೆಬ್‌ವರ್ತ್‌ನಲ್ಲಿ ಅವನು ತಂಡದ ಜತೆ ಕೊನೆಯ ಸಲ ವೇದಿಕೆ ಹತ್ತಿದ. ಮರುವರ್ಷ ಏಡ್ಸ್ ಇರುವುದು ತಿಳಿಯಿತು. ಅದೇ ಹೊತ್ತಿಗೆ ಸ್ಪೇನಿನ ಆಪೆರಾ ಗಾಯಕಿ ಮೊಂತ್ಸೆರಾತ್ ಕಬಾಯೆ ಜತೆ ‘ಬಾರ್ಸಿಲೋನಾ’ ಹಾಡಿದ. ಒಂದು ಕಾಲಕ್ಕೆ ಅಣಕವಾಗಿ ಮಾಡಿದ್ದನ್ನು ಈಗ ನಿಜವಾದ ಆಪೆರಾ ಧ್ವನಿಯ ಪಕ್ಕ ನಿಂತು, ಹೆದರುತ್ತ, ಮಾಡಿದ. ಕಡೆಯ ವರ್ಷಗಳಲ್ಲಿ ನಿಲ್ಲಲಾಗದಿದ್ದರೂ ಸ್ಟುಡಿಯೋಗೆ ಬಂದು ಹಾಡು ಮುಗಿಸಿಕೊಟ್ಟ. ಬೀದಿ ಪತ್ರಿಕೆಯವರು ಲಂಡನ್ನಿನ ಮನೆಯ ಗೋಡೆಗೆ ಅಂಟಿಕೊಂಡು ಕಾದರು, ಸೊರಗಿದ ಮುಖದ ಫೋಟೋ ಹಾಕಿದರು. 1991ರ ನವೆಂಬರ್ 23ರಂದು ಕಾಯಿಲೆಯ ವಿಷಯ ಹೇಳಿಕೆಯಾಗಿ ಹೊರಬಂತು. 24ರ ಸಂಜೆ ಹೋಗಿಬಿಟ್ಟ. ನಲವತ್ತೈದು ವರ್ಷ. ಅಂತ್ಯಕ್ರಿಯೆ ನಡೆಸಿದವರು ಪಾರ್ಸಿ ಪುರೋಹಿತರು.

ಈ ಮೌನವೂ ವಿವಾದವಾಯಿತು. ಅಷ್ಟು ದೊಡ್ಡವನು ನಾಲ್ಕು ವರ್ಷ ಮೊದಲೇ ಬಾಯಿಬಿಟ್ಟಿದ್ದರೆ ಆ ಕಾಯಿಲೆಯವರನ್ನು ಅಸ್ಪೃಶ್ಯರಂತೆ ಕಂಡ ಸಮಾಜ ಸ್ವಲ್ಪ ಕರಗುತ್ತಿತ್ತೋ ಏನೋ ಅಂದವರುಂಟು. ಆಗ ಏಡ್ಸ್ ಅಂದರೆ ಪತ್ರಿಕೆಗಳು ಏನು ಬರೆಯುತ್ತಿದ್ದವು ಅಂತ ಓದಿದರೆ ಈ ಮಾತು ಹಗುರ ಅನ್ನಿಸುತ್ತದೆ. ಸಾಯುವವನಿಗೆ ತನ್ನ ಕೋಣೆಯ ಬಾಗಿಲು ಹಾಕಿಕೊಳ್ಳುವ ಹಕ್ಕಿದೆ. 1992ರ ಏಪ್ರಿಲ್ 20ರಂದು ಅದೇ ವೆಂಬ್ಲಿಯಲ್ಲಿ ಅವನ ನೆನಪಿಗೆ ಕಛೇರಿ ನಡೆದು, ಆ ಹಣದಿಂದ ಏಡ್ಸ್ ವಿರುದ್ಧ ಕೆಲಸ ಮಾಡುವ ಮರ್ಕ್ಯುರಿ ಫೀನಿಕ್ಸ್ ಟ್ರಸ್ಟ್ ಶುರುವಾಯಿತು.

ಸತ್ತ ಮೇಲೆ ಅವನನ್ನು ಹಂಚಿಕೊಳ್ಳುವವರು ಹೆಚ್ಚಾದರು, ಬೇಡ ಅನ್ನುವವರೂ. 2006ರಲ್ಲಿ ಜಾಂಜಿಬಾರಿನಲ್ಲಿ ಅರವತ್ತನೇ ಹುಟ್ಟುಹಬ್ಬಕ್ಕೆ ಏರ್ಪಾಡಾಗಿತ್ತು. ಗಂಡಸರನ್ನು ಪ್ರೀತಿಸಿದವನನ್ನು ಮೆರೆಸಕೂಡದು ಅಂತ ಅಲ್ಲಿನ ಒಂದು ಧಾರ್ಮಿಕ ಗುಂಪು ತಕರಾರು ತೆಗೆದದ್ದರಿಂದ ನಿಂತುಹೋಯಿತು. ಇಲ್ಲಿ ನಾವು ಅವನು ಭಾರತೀಯ ಅಂತ ಎದೆ ತಟ್ಟಿಕೊಳ್ಳುತ್ತೇವೆ. ಅವನ ಪ್ರೀತಿಯನ್ನು ಅಪರಾಧ ಅನ್ನುವ ಕಾಯಿದೆಯನ್ನು ನಮ್ಮ ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 2018ರ ಸೆಪ್ಟೆಂಬರಿನಲ್ಲಿ. ಅದೇ ವರ್ಷದ ಕೊನೆಗೆ ಅವನ ಮೇಲಿನ ಸಿನೆಮಾ ಬಂತು. ವಿಮರ್ಶಕರು ಅರೆಮನಸ್ಸಿನಿಂದ ಬರೆದರು, ಜನ ಮುಗಿಬಿದ್ದರು, ನಾಲ್ಕು ಆಸ್ಕರ್ ಬಂದವು. ಲೈವ್ ಏಡಿಗೆ ಮೊದಲೇ ಅವನಿಗೆ ಕಾಯಿಲೆ ಗೊತ್ತಿತ್ತು ಅಂತ ಅದರಲ್ಲಿ ಕಥೆ ತಿರುಚಿದ್ದಾರೆ. ಸನ್ ಸಿಟಿಯ ಸುಳಿವೇ ಇಲ್ಲ.

ಇದಕ್ಕೂ ಮುಂಚೆ, 2002ರಲ್ಲಿ, ಕ್ವೀನ್ ಹಾಡುಗಳನ್ನು ಪೋಣಿಸಿ ಬೆನ್ ಎಲ್ಟನ್ ಬರೆದ ಸಂಗೀತ ನಾಟಕ ಲಂಡನ್ನಿನ ಡೊಮಿನಿಯನ್ ಥಿಯೇಟರಿನಲ್ಲಿ ಶುರುವಾಗಿತ್ತು. ಮೊದಲ ವಾರ ಪತ್ರಿಕೆಗಳು ಅದನ್ನು ಸಿಗಿದು ತೋರಣ ಕಟ್ಟಿದವು. ನಾಟಕ ಹನ್ನೆರಡು ವರ್ಷ ನಡೆಯಿತು. ಅಷ್ಟೂ ವರ್ಷ ಬಾಗಿಲ ಮೇಲೆ ಚಿನ್ನದ ಬಣ್ಣದ ಫ್ರೆಡ್ಡಿ, ಮುಷ್ಟಿ ಎತ್ತಿ, ಕೆಳಗೆ ಹೋಗುವ ಬಸ್ಸುಗಳನ್ನು ನೋಡುತ್ತ ನಿಂತಿದ್ದ. 2014ರಲ್ಲಿ ಆಟ ಮುಗಿದ ಮೇಲೆ ಆ ಭಾರಿ ಪ್ರತಿಮೆಯನ್ನು ಎಲ್ಲಿಡುವುದು ಅಂತ ಪ್ರಶ್ನೆ ಬಂತು. ಒಂದು ಕಾಲಕ್ಕೆ ಜತೆಗೆ ಹಳೆ ಬಟ್ಟೆ ಮಾರುತ್ತಿದ್ದ ರೋಜರ್ ಟೇಲರ್ ಅದನ್ನು ತನ್ನ ಮನೆಯ ತೋಟಕ್ಕೆ ಸಾಗಿಸಿಕೊಂಡು ಹೋದ.